ಶ್ರವಣ ಸಾಧನ: ಕೊಳ್ಳುವ ಮುನ್ನ, ಕೊಂಡ ನಂತರ

ಕಣ್ಣು ಮಂಜಾದರೆ ಕನ್ನಡಕ ಧರಿಸಲು ಇಂದು ಯಾರೂ ಹಿಂಜರಿಯುವುದಿಲ್ಲ. ಕಿವಿ ಮಂದವಾದರೆ ಮಾತ್ರ ಅದನ್ನು ಒಪ್ಪಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಒಪ್ಪಿಕೊಂಡು, ಹಣ ತೆತ್ತು ಶ್ರವಣ ಸಾಧನ ತಂದ ಮನೆಗಳಲ್ಲೂ ಅದು ಕೆಲವೇ ವಾರಗಳಲ್ಲಿ ಬೀರುವಿನ ಮೂಲೆ ಸೇರುವುದುಂಟು. "ಬರೀ ಗದ್ದಲ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ" ಎಂಬುದು ಇಂಥವರ ಸಾಮಾನ್ಯ ದೂರು. ಅನೇಕ ಸಂದರ್ಭಗಳಲ್ಲಿ ಈ ದೂರಿಗೆ ಕಾರಣ ಯಂತ್ರದ ದೋಷವಲ್ಲ. ಯಂತ್ರ ಕೊಂಡ ದಿನವೇ ಕೆಲಸ ಮುಗಿಯಿತೆಂಬ ತಿಳಿವಳಿಕೆಯೇ ಅದರ ಮೂಲ. ವಾಸ್ತವವಾಗಿ ಕೆಲಸ ಆರಂಭವಾಗುವುದೇ ಆ ದಿನದಿಂದ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಶ್ರವಣ ಕುರಿತ ಜಾಗತಿಕ ವರದಿಯ ಪ್ರಕಾರ ಪ್ರಪಂಚದಲ್ಲಿ ಸುಮಾರು 43 ಕೋಟಿ ಜನರಿಗೆ ಚಿಕಿತ್ಸೆ ಅಥವಾ ಸಾಧನದ ನೆರವು ಬೇಕಾಗುವಷ್ಟು ಶ್ರವಣದೋಷವಿದೆ. 2050ರ ವೇಳೆಗೆ ಈ ಸಂಖ್ಯೆ 70 ಕೋಟಿ ಮುಟ್ಟಬಹುದೆಂದು ಅದೇ ವರದಿ ಅಂದಾಜು ಮಾಡಿದೆ. ಪ್ರತಿ ವರ್ಷ ಮಾರ್ಚ್ 3ನ್ನು ವಿಶ್ವ ಶ್ರವಣ ದಿನವನ್ನಾಗಿ ಆಚರಿಸಲಾಗುತ್ತಿದೆ.

ಕೇಳಿಸುವುದು ಬೇರೆ, ತಿಳಿಯುವುದು ಬೇರೆ

ಹೊರಗಿನ ಧ್ವನಿ ಕಿವಿಯ ತಮಟೆಯನ್ನು ಕಂಪಿಸುತ್ತದೆ. ಅದರ ಹಿಂದಿರುವ ಸುತ್ತಿಗೆ, ಅಡಿಗಲ್ಲು ಮತ್ತು ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಆ ಕಂಪನವನ್ನು ಒಳಕಿವಿಗೆ ದಾಟಿಸುತ್ತವೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯಾದಲ್ಲಿ ಹುಟ್ಟುವಾಗ ಸುಮಾರು 15,000 ರೋಮಕೋಶಗಳಿರುತ್ತವೆ. ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ಶ್ರವಣ ನರದ ಮೂಲಕ ಮಿದುಳಿಗೆ ಕಳುಹಿಸುವ ಕಾರ್ಯ ಇವುಗಳದ್ದು. ಮನುಷ್ಯರಲ್ಲಿ ಒಮ್ಮೆ ನಾಶವಾದ ರೋಮಕೋಶ ಮತ್ತೆ ಬೆಳೆಯುವುದಿಲ್ಲ.

ಗುಗ್ಗೆ ಕಟ್ಟಿಕೊಂಡಿದ್ದರೆ, ತಮಟೆಯಲ್ಲಿ ರಂಧ್ರವಿದ್ದರೆ, ನಡುಗಿವಿಯಲ್ಲಿ ಸೋಂಕಿದ್ದರೆ ಧ್ವನಿ ಒಳಕಿವಿಗೆ ಸಾಗುವ ಹಾದಿಯೇ ಕಟ್ಟಿಹೋಗುತ್ತದೆ. ಇಂಥ ದೋಷಗಳಲ್ಲಿ ಹಲವನ್ನು ಔಷಧಿ ಅಥವಾ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ವಯಸ್ಸು, ದೀರ್ಘಕಾಲದ ಅಬ್ಬರ, ಕೆಲವು ಔಷಧಗಳ ದುಷ್ಪರಿಣಾಮ ಮುಂತಾದವುಗಳಿಂದ ರೋಮಕೋಶ ಅಥವಾ ನರ ಘಾಸಿಗೊಂಡಿದ್ದರೆ ಅದು ಸಾಮಾನ್ಯವಾಗಿ ಶಾಶ್ವತ. ಶ್ರವಣ ಸಾಧನದ ಅಗತ್ಯ ಹೆಚ್ಚಾಗಿ ಬೀಳುವುದು ಇಲ್ಲಿಯೇ.

ವಯೋಸಹಜ ಶ್ರವಣದೋಷ ಮೊದಲು ಕಸಿದುಕೊಳ್ಳುವುದು ಎತ್ತರದ ಆವರ್ತನದ ಧ್ವನಿಗಳನ್ನು. ಕನ್ನಡದ ಆ, ಈ, ಊ ಮೊದಲಾದ ಸ್ವರಗಳು ಮತ್ತು ಮ, ನ ಎಂಬ ಅನುನಾಸಿಕಗಳು ತಗ್ಗಿನ ಆವರ್ತನದಲ್ಲಿ ಬಲವಾಗಿರುತ್ತವೆ. ಸ, ಶ, ಷ ಮತ್ತು ಫ ಧ್ವನಿಗಳ ಶಕ್ತಿ ಇರುವುದು ಎತ್ತರದ ಆವರ್ತನಗಳಲ್ಲಿ. ಕ, ತ, ಪ ಮುಂತಾದ ವ್ಯಂಜನಗಳು ಕ್ಷಣಮಾತ್ರ ಹೊಮ್ಮುವ ಕ್ಷೀಣ ಸದ್ದುಗಳು. ಮಾತಿನ ಗಟ್ಟಿತನವನ್ನು ಸ್ವರಗಳು ಹೊರುತ್ತವೆ, ಅರ್ಥದ ಬಹುಭಾಗವನ್ನು ವ್ಯಂಜನಗಳು ಹೊರುತ್ತವೆ. ಆದ್ದರಿಂದಲೇ ಸಾಲು, ಹಾಲು, ಕಾಲು, ಪಾಲು ಎಂಬ ನಾಲ್ಕೂ ಪದಗಳು ಹಿರಿಯರ ಕಿವಿಗೆ ಒಂದೇ 'ಆಲು' ಆಗಿ ಬೀಳಬಹುದು. ಅವರಿಗೆ ಯಾರೋ ಮಾತನಾಡುತ್ತಿರುವುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಮನೆಯವರು ಇದನ್ನು "ಬೇಕಾದ್ದು ಮಾತ್ರ ಕೇಳಿಸುತ್ತದೆ" ಎಂದು ತಪ್ಪಾಗಿ ಅರ್ಥೈಸುತ್ತಾರೆ. ದನಿಯೇರಿಸಿ ಕೂಗಿದರೆ ಸ್ವರಗಳಷ್ಟೇ ಹಿಗ್ಗುತ್ತವೆ, ಅರ್ಥ ಹಾಗೆಯೇ ಉಳಿಯುತ್ತದೆ.

ಮೊದಲ ಹೆಜ್ಜೆ ಅಂಗಡಿಯಲ್ಲ, ಪರೀಕ್ಷೆ

ಶ್ರವಣ ಸಾಧನದ ವಿಚಾರಕ್ಕೆ ಮುನ್ನ ಕಿವಿ, ಮೂಗು, ಗಂಟಲು ತಜ್ಞರಿಂದ ತಪಾಸಣೆ ಆಗಬೇಕು. ನಂತರ ಆಡಿಯಾಲಜಿಸ್ಟ್ ಅಂದರೆ ಶ್ರವಣ ತಜ್ಞರು ಶಬ್ದನಿರೋಧಕ ಕೊಠಡಿಯಲ್ಲಿ ಪರೀಕ್ಷೆ ನಡೆಸುತ್ತಾರೆ. ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗಿನ ಆವರ್ತನಗಳಲ್ಲಿ ಪ್ರತಿ ಕಿವಿಗೆ ಕೇಳಿಸುವ ಅತಿ ಕಡಿಮೆ ಮಟ್ಟವನ್ನು ಡೆಸಿಬಲ್‌ಗಳಲ್ಲಿ ಗುರುತಿಸಿದ ನಕ್ಷೆಯೇ ಆಡಿಯೋಗ್ರಾಂ. ಇದರೊಡನೆ ಮಾತನ್ನು ಎಷ್ಟರಮಟ್ಟಿಗೆ ಗುರುತಿಸಬಲ್ಲರೆಂಬ ಪರೀಕ್ಷೆಯೂ ನಡೆಯಬೇಕು. ಆ ಫಲಿತಾಂಶವೇ ಸಾಧನದಿಂದ ಎಷ್ಟು ನಿರೀಕ್ಷಿಸಬಹುದು ಎಂಬುದಕ್ಕೆ ಉತ್ತಮ ಸೂಚನೆ.

ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ವರ್ಗೀಕರಣದಂತೆ ಉತ್ತಮ ಕಿವಿಯಲ್ಲಿ 20 ಡೆಸಿಬಲ್‌ಗಿಂತ ಕಡಿಮೆ ಮಟ್ಟದ ಧ್ವನಿಯೂ ಕೇಳಿಸಿದರೆ ಶ್ರವಣ ಸಹಜ. 20ರಿಂದ 35ರೊಳಗೆ ಅಲ್ಪ, 35ರಿಂದ 50ರೊಳಗೆ ಮಧ್ಯಮ, 50ರಿಂದ 65ರೊಳಗೆ ಮಧ್ಯಮ-ತೀವ್ರ, 65ರಿಂದ 80ರೊಳಗೆ ತೀವ್ರ, ಅದಕ್ಕೂ ಮೇಲ್ಪಟ್ಟರೆ ಅತಿ ತೀವ್ರ ದೋಷವೆನಿಸುತ್ತದೆ.

ಒಂದೇ ಕಿವಿ ಮಂದವಾಗಿದ್ದರೆ, ಕಿವಿ ಸೋರುತ್ತಿದ್ದರೆ, ತಲೆಸುತ್ತು ಅಥವಾ ನೋವು ಜೊತೆಗಿದ್ದರೆ ವೈದ್ಯರನ್ನು ಕಾಣದೆ ಸಾಧನ ಧರಿಸುವುದು ಸಲ್ಲದು. ಒಂದೆರಡು ದಿನಗಳಲ್ಲಿ ಹಠಾತ್ತಾಗಿ ಕಿವಿ ಕೇಳಿಸದಾದರೆ ಅದು ತುರ್ತು ಪರಿಸ್ಥಿತಿ. ಚಿಕಿತ್ಸೆ ತಡವಾದಷ್ಟೂ ಶ್ರವಣ ಮರಳುವ ಸಾಧ್ಯತೆ ಕುಗ್ಗುತ್ತದೆ.

ಕೊಂಬಿನಿಂದ ಗಣಕದವರೆಗೆ

ಹಿಂದೆ ಕಿವಿ ಮಂದವಾದವರು ಕೊಂಬಿನಾಕಾರದ ಕಹಳೆಯನ್ನು ಕಿವಿಗೆ ಹಿಡಿದು ಆಲಿಸುತ್ತಿದ್ದರು. ಸಂಗೀತಗಾರ ಬೀಥೋವನ್ ಬಳಸಿದ ಅಂಥ ಕಹಳೆಗಳು ಇಂದಿಗೂ ಉಳಿದಿವೆ. ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ 19ನೇ ಶತಮಾನದ ಕೊನೆಯಲ್ಲಿ ವಿದ್ಯುತ್ ಚಾಲಿತ ಸಾಧನ ರೂಪಿಸಿದರು. 1920ರ ದಶಕದಲ್ಲಿ ನಿರ್ವಾತ ಕೊಳವೆಯ ಮಾದರಿಗಳು, 1950ರ ದಶಕದ ಆರಂಭದಲ್ಲಿ ಟ್ರಾನ್ಸಿಸ್ಟರ್ ಮಾದರಿಗಳು ಬಂದವು. 1990ರ ದಶಕದ ಮಧ್ಯಭಾಗದಲ್ಲಿ ಪೂರ್ಣ ಡಿಜಿಟಲ್ ಸಾಧನಗಳು ಮಾರುಕಟ್ಟೆಗೆ ಕಾಲಿಟ್ಟವು.

ಮೂರು ಭಾಗಗಳು ಎಲ್ಲ ಸಾಧನಗಳಲ್ಲೂ ಸಮಾನ: ಧ್ವನಿ ಹಿಡಿಯುವ ಮೈಕ್ರೊಫೋನ್, ಅದನ್ನು ವರ್ಧಿಸುವ ವರ್ಧಕ, ಕಿವಿಗೆ ತಲುಪಿಸುವ ರಿಸೀವರ್. ಡಿಜಿಟಲ್ ಸಾಧನದಲ್ಲಿ ವರ್ಧಕದ ಜಾಗದಲ್ಲಿ ಪುಟ್ಟ ಗಣಕವೇ ಕುಳಿತಿರುತ್ತದೆ. ಅದು ಧ್ವನಿಯನ್ನು ಆವರ್ತನಗಳ ಪಟ್ಟಿಗಳಾಗಿ ವಿಂಗಡಿಸಿ, ಎಲ್ಲಿ ದೋಷವಿದೆಯೋ ಅಲ್ಲಿ ಮಾತ್ರ ಹೆಚ್ಚು ವರ್ಧಿಸುತ್ತದೆ. ಪಿಸುಮಾತನ್ನು ಎತ್ತರಿಸಿ, ಪಾತ್ರೆ ಬಿದ್ದ ಸದ್ದನ್ನು ತಡೆದು ಹಿಡಿಯುತ್ತದೆ. ಎಲ್ಲ ಶಬ್ದವನ್ನೂ ಒಂದೇ ಸಮನೆ ಹಿಗ್ಗಿಸುವ ಅಗ್ಗದ ಧ್ವನಿವರ್ಧಕಗಳಿಗೂ ಶ್ರವಣ ಸಾಧನಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಮಾದರಿಗಳು ಹಲವು

* ಜೇಬಿನ ಮಾದರಿ: ಪೆಟ್ಟಿಗೆ ಜೇಬಿನಲ್ಲಿ, ತಂತಿ ಕಿವಿಗೆ. ಬೆಲೆ ಕಡಿಮೆ, ಗುಂಡಿಗಳು ದೊಡ್ಡವು. ಆದರೆ ಬಟ್ಟೆಯ ಉಜ್ಜಾಟದ ಸದ್ದೂ ಕೇಳಿಸುತ್ತದೆ.

* ಕಿವಿಯ ಹಿಂಬದಿಯ ಮಾದರಿ: ಅಲ್ಪದಿಂದ ಅತಿ ತೀವ್ರ ದೋಷದವರೆಗೂ ಒದಗುತ್ತದೆ. ಬೆಳೆಯುವ ಮಕ್ಕಳಿಗೆ ಇದೇ ಸೂಕ್ತ. ಕಿವಿ ದೊಡ್ಡದಾದಂತೆ ಅಚ್ಚನ್ನಷ್ಟೇ ಬದಲಿಸಿದರೆ ಸಾಕು.

* ರಿಸೀವರ್ ಕಿವಿಯೊಳಗಿರುವ ಮಾದರಿ: ಹಿಂಬದಿಯ ಭಾಗ ಚಿಕ್ಕದು, ತೆಳು ತಂತಿಯ ತುದಿಯಲ್ಲಿ ರಿಸೀವರ್. ವಯಸ್ಕರಲ್ಲಿ ಬಳಕೆ ಹೆಚ್ಚು. ಗುಗ್ಗೆ ಮತ್ತು ತೇವದಿಂದ ಕಾಪಾಡಬೇಕು.

* ಕಿವಿಯೊಳಗಿನ ಮಾದರಿ: ಹೊರಗೆ ಕಾಣದು ಎಂಬ ಕಾರಣಕ್ಕೆ ಬೇಡಿಕೆಯಿದೆ. ಆದರೆ ತೀವ್ರ ದೋಷಕ್ಕೆ ಸಾಮಾನ್ಯವಾಗಿ ಸಾಲದು. ಬೆರಳು ನಡುಗುವ ಹಿರಿಯರಿಗೆ ಬ್ಯಾಟರಿ ಬದಲಿಸುವುದು ಕಷ್ಟ.

ಬೆಲೆ ಕೆಲವು ಸಾವಿರದಿಂದ ಲಕ್ಷ ರೂಪಾಯಿಗಳನ್ನೂ ಮೀರಿ ಹೋಗುತ್ತದೆ. ದುಬಾರಿ ಎಂದ ಮಾತ್ರಕ್ಕೆ ಎಲ್ಲರಿಗೂ ಅದೇ ಉತ್ತಮವೆಂದಲ್ಲ. ಹೆಚ್ಚಿನ ಬೆಲೆ ಬಹುಪಾಲು ಗದ್ದಲ ತಗ್ಗಿಸುವ ತಂತ್ರ, ದಿಕ್ಕನ್ನು ಗುರುತಿಸುವ ಮೈಕ್ರೊಫೋನ್, ಮೊಬೈಲ್ ಸಂಪರ್ಕದಂಥ ಸೌಲಭ್ಯಗಳಿಗೆ ಸಲ್ಲುತ್ತದೆ. ದಿನದ ಬಹುಭಾಗ ಮನೆಯಲ್ಲೇ ಇರುವವರಿಗೂ ಸಭೆಗಳಲ್ಲಿ ಓಡಾಡುವ ಉದ್ಯೋಗಿಗೂ ಅಗತ್ಯಗಳು ಬೇರೆ ಬೇರೆ. ಎರಡೂ ಕಿವಿಗಳಲ್ಲಿ ದೋಷವಿದ್ದರೆ ಸಾಮಾನ್ಯವಾಗಿ ಎರಡಕ್ಕೂ ಸಾಧನ ಧರಿಸುವುದು ಲೇಸು. ಧ್ವನಿ ಯಾವ ದಿಕ್ಕಿನಿಂದ ಬಂತೆಂದು ತಿಳಿಯಲು ಮಿದುಳಿಗೆ ಎರಡು ಕಿವಿಗಳೂ ಬೇಕು.

ಹೊಂದಿಸುವುದೇ ಅರ್ಧ ಚಿಕಿತ್ಸೆ

ಆಡಿಯೋಗ್ರಾಂಗೆ ತಕ್ಕಂತೆ ಸಾಧನವನ್ನು ಗಣಕದ ಮೂಲಕ ಹೊಂದಿಸಬೇಕು. ಕಿವಿಯ ನಾಳದ ಗಾತ್ರ ಒಬ್ಬರಿಂದೊಬ್ಬರಿಗೆ ವ್ಯತ್ಯಾಸವಾಗುವುದರಿಂದ ಒಂದೇ ಹೊಂದಾಣಿಕೆ ಇಬ್ಬರಲ್ಲಿ ಒಂದೇ ಫಲ ನೀಡದು. ತೆಳುವಾದ ನಳಿಕೆಯನ್ನು ಕಿವಿಯೊಳಗಿಟ್ಟು, ತಮಟೆಯ ಬಳಿ ನಿಜಕ್ಕೂ ಎಷ್ಟು ಧ್ವನಿ ತಲುಪುತ್ತಿದೆ ಎಂದು ಅಳೆಯುವ ವಿಧಾನವಿದೆ. ಈ ಅಳತೆ ಮಾಡಲಾಗುತ್ತದೆಯೇ ಎಂದು ಕೊಳ್ಳುವವರು ಕೇಳುವುದು ಒಳಿತು. ಅಚ್ಚು ಸಡಿಲವಾಗಿದ್ದರೆ ವರ್ಧಿಸಿದ ಧ್ವನಿ ಸೋರಿ ಮತ್ತೆ ಮೈಕ್ರೊಫೋನಿಗೆ ಹೊಕ್ಕು 'ಕುಂಯ್' ಎಂಬ ಸೀಟಿ ಹೊಮ್ಮುತ್ತದೆ. ಆಗ ಬದಲಿಸಬೇಕಾದುದು ಬಹುತೇಕ ಅಚ್ಚನ್ನು, ಯಂತ್ರವನ್ನಲ್ಲ.

ವರ್ಷಗಟ್ಟಲೆ ನಿಶ್ಶಬ್ದಕ್ಕೆ ಒಗ್ಗಿದ ಮಿದುಳಿಗೆ ಫ್ಯಾನಿನ ಸದ್ದು, ಪತ್ರಿಕೆ ಮಡಚುವ ಸದ್ದು, ತನ್ನದೇ ದನಿ ಎಲ್ಲವೂ ಮೊದಲ ದಿನಗಳಲ್ಲಿ ಕರ್ಕಶವೆನಿಸುತ್ತವೆ. ಬೇಡದ ಸದ್ದನ್ನು ಬದಿಗಿರಿಸುವ ಅಭ್ಯಾಸವನ್ನು ಮಿದುಳು ಮತ್ತೆ ಕಲಿಯಬೇಕು. ಮೊದಲ ವಾರ ಮನೆಯ ಶಾಂತ ಕೋಣೆಯಲ್ಲಿ ದಿನಕ್ಕೆ ಕೆಲವು ಗಂಟೆ ಧರಿಸಿ ಒಬ್ಬರೊಡನೆ ಮಾತನಾಡುವುದು, ಬಳಿಕ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿಕೊಂಡು ಕೇಳುವುದು, ಆಮೇಲೆ ಇಬ್ಬರು ಮೂವರ ಗುಂಪು, ಕೊನೆಗೆ ಮಾರುಕಟ್ಟೆ ಮತ್ತು ಮದುವೆ ಮನೆ. ಹೀಗೆ ಹಂತಹಂತವಾಗಿ ಸಾಗಬೇಕು. ಈ ಅವಧಿಯಲ್ಲಿ ಎರಡು ಮೂರು ಬಾರಿಯಾದರೂ ತಜ್ಞರಲ್ಲಿಗೆ ಹೋಗಿ ಹೊಂದಾಣಿಕೆ ತಿದ್ದಿಸಿಕೊಳ್ಳಬೇಕು. ಯಾವ ಸದ್ದು ಎಲ್ಲಿ ಕಾಡಿತು ಎಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ತಿದ್ದುವುದು ಸುಲಭ.

ಆದುದರಿಂದ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವು: ಕೆಲವು ದಿನ ಧರಿಸಿ ನೋಡಲು ಅವಕಾಶವಿದೆಯೇ? ನಂತರದ ಹೊಂದಾಣಿಕೆಗೆ ಪ್ರತ್ಯೇಕ ಶುಲ್ಕವೇ? ವಾರಂಟಿ ಎಷ್ಟು ವರ್ಷ? ದುರಸ್ತಿ ಊರಲ್ಲೇ ಆಗುತ್ತದೆಯೇ? ಹೊಂದಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ತಜ್ಞರೇ?

ದೂರ ಮತ್ತು ಗದ್ದಲ

ಅತ್ಯುತ್ತಮ ಸಾಧನವೂ ಸೋಲುವ ಎರಡು ಸಂಗತಿಗಳಿವೆ: ದೂರ ಮತ್ತು ಗದ್ದಲ. ತೆರೆದ ಜಾಗದಲ್ಲಿ ಅಂತರ ಎರಡರಷ್ಟಾದಾಗಲೆಲ್ಲ ಧ್ವನಿ 6 ಡೆಸಿಬಲ್ ಕುಸಿಯುತ್ತದೆ. 1 ಮೀಟರ್ ದೂರದಲ್ಲಿ 60 ಡೆಸಿಬಲ್ ಇರುವ ಮಾತು 4 ಮೀಟರ್ ದೂರಕ್ಕೆ 48ಕ್ಕೆ ಇಳಿಯುತ್ತದೆ. ಆದರೆ ಪಕ್ಕದಲ್ಲಿ ತಿರುಗುವ ಫ್ಯಾನಿನ ಸದ್ದು ಇಳಿಯುವುದಿಲ್ಲ. ಬರಿಯ ಗೋಡೆ, ನುಣುಪು ನೆಲದ ಕಲ್ಯಾಣ ಮಂಟಪಗಳಲ್ಲಿ ಪ್ರತಿಧ್ವನಿಯೂ ಸೇರಿ ಮಾತು ಕಲಸಿಹೋಗುತ್ತದೆ. ಸಾಧನದ ಮೈಕ್ರೊಫೋನ್ ಕೇಳುಗನ ಕಿವಿಯ ಬಳಿ ಇರುವುದೇ ಇಲ್ಲಿನ ತೊಡಕು. ಪರಿಹಾರ ಸರಳ: ಮೈಕ್ರೊಫೋನನ್ನು ಮಾತನಾಡುವವರ ಬಾಯಿಯ ಬಳಿಗೆ ಒಯ್ಯುವುದು. ಸಹಾಯಕ ಶ್ರವಣ ತಂತ್ರಜ್ಞಾನದ ಬಹುಪಾಲು ಈ ಒಂದೇ ತತ್ವದ ಮೇಲೆ ನಿಂತಿದೆ.

ತರಗತಿಯಲ್ಲಿ ಶಿಕ್ಷಕರು ಕೊರಳಿಗೆ ಧರಿಸಿದ ಮೈಕ್ರೊಫೋನಿನಿಂದ ಎಫ್.ಎಂ. ಅಥವಾ ಡಿಜಿಟಲ್ ತರಂಗಗಳ ಮೂಲಕ ಧ್ವನಿ ಮಗುವಿನ ಸಾಧನಕ್ಕೆ ನೇರವಾಗಿ ತಲುಪುತ್ತದೆ. ಹಿಂದಿನ ಬೆಂಚಿನ ಮಗುವಿಗೂ ಶಿಕ್ಷಕರು ಎದುರಿಗೇ ನಿಂತಂತೆ ಕೇಳಿಸುತ್ತದೆ. ಸಭಾಂಗಣ ಮತ್ತು ಟಿಕೆಟ್ ಕೌಂಟರುಗಳಿಗೆ ಒದಗುವುದು ಇಂಡಕ್ಷನ್ ಲೂಪ್. ಸುತ್ತಲೂ ಹಾಯಿಸಿದ ತಂತಿಯ ಕಾಂತಕ್ಷೇತ್ರವನ್ನು ಸಾಧನದೊಳಗಿನ ಟೆಲಿಕಾಯಿಲ್ ಎಂಬ ಪುಟ್ಟ ಸುರುಳಿ ಗ್ರಹಿಸುತ್ತದೆ. ಅನೇಕ ಸಾಧನಗಳಲ್ಲಿ 'ಟಿ' ಎಂದು ಗುರುತಿಸಿರುವ ಆಯ್ಕೆ ಇದಕ್ಕಾಗಿಯೇ. ಹೊರಗೆ ಕಾಣದಷ್ಟು ಚಿಕ್ಕ ಸಾಧನಗಳಲ್ಲಿ ಸಾಮಾನ್ಯವಾಗಿ ಟೆಲಿಕಾಯಿಲ್‌ಗೆ ಜಾಗವಿರುವುದಿಲ್ಲ. ಒಂದೇ ಮೂಲದಿಂದ ಅನೇಕ ಸಾಧನಗಳಿಗೆ ಏಕಕಾಲಕ್ಕೆ ಧ್ವನಿ ಬಿತ್ತರಿಸುವ 'ಔರಾಕಾಸ್ಟ್' ಎಂಬ ಬ್ಲೂಟೂತ್ ತಂತ್ರವನ್ನು 2022ರಲ್ಲಿ ಪ್ರಕಟಿಸಲಾಯಿತು.

ಮಾತನ್ನು ಬರಹವಾಗಿಸುವ ತಂತ್ರಾಂಶಗಳೂ ನೆರವಿಗೆ ಬಂದಿವೆ. 2017ರಲ್ಲಿ ಗೂಗಲ್ ತನ್ನ ಧ್ವನಿ ಗುರುತಿಸುವ ವ್ಯವಸ್ಥೆಗೆ ಕನ್ನಡವನ್ನು ಸೇರಿಸಿತು. 2019ರಲ್ಲಿ ಬಂದ ಅದರ ಲೈವ್ ಟ್ರಾನ್ಸ್‌ಕ್ರೈಬ್ ತಂತ್ರಾಂಶ ಎದುರಿನವರ ಮಾತನ್ನು ಮೊಬೈಲ್ ಪರದೆಯ ಮೇಲೆ ಅಕ್ಷರವಾಗಿ ಮೂಡಿಸುತ್ತದೆ. ಕರೆಗಂಟೆಗೆ ಬೆಳಕು ಮಿನುಗಿಸುವ, ದಿಂಬಿನಡಿ ಅದುರಿ ಎಬ್ಬಿಸುವ ಗಡಿಯಾರದಂಥ ಸರಳ ಉಪಕರಣಗಳೂ ಇದೇ ಸಾಲಿಗೆ ಸೇರುತ್ತವೆ.

ಅಮೆರಿಕದಲ್ಲಿ 2022ರ ಅಕ್ಟೋಬರ್‌ನಿಂದ ಅಲ್ಪ ಮತ್ತು ಮಧ್ಯಮ ದೋಷದ ವಯಸ್ಕರು ತಜ್ಞರ ಚೀಟಿಯಿಲ್ಲದೆ ಸಾಧನ ಕೊಳ್ಳಲು ಅವಕಾಶವಾಗಿದೆ. 2024ರಲ್ಲಿ ಆಪಲ್ ಸಂಸ್ಥೆಯ ಇಯರ್‌ಬಡ್‌ಗಳ ಶ್ರವಣ ಸಾಧನ ತಂತ್ರಾಂಶಕ್ಕೂ ಅಲ್ಲಿನ ಔಷಧ ಆಡಳಿತ ಒಪ್ಪಿಗೆ ನೀಡಿತು. ಈ ವ್ಯವಸ್ಥೆ ಮಕ್ಕಳಿಗೂ ತೀವ್ರ ದೋಷವುಳ್ಳವರಿಗೂ ಅನ್ವಯಿಸುವುದಿಲ್ಲ ಎಂಬುದನ್ನು ಮರೆಯಬಾರದು.

ಮಕ್ಕಳಿಗೆ ಕಾಲವೇ ಮುಖ್ಯ

ಮಾತು ಕಲಿಯುವ ಮಿದುಳಿನ ಸಾಮರ್ಥ್ಯ ಜೀವನದ ಮೊದಲ ಕೆಲವು ವರ್ಷಗಳಲ್ಲಿ ಅತಿ ಹೆಚ್ಚು. 1 ತಿಂಗಳೊಳಗೆ ಪ್ರಾಥಮಿಕ ತಪಾಸಣೆ, 3 ತಿಂಗಳೊಳಗೆ ನಿಖರ ಪತ್ತೆ, 6 ತಿಂಗಳೊಳಗೆ ಸಾಧನ ಹಾಗೂ ತರಬೇತಿ ಎಂಬುದು ತಜ್ಞರು ಸಾಮಾನ್ಯವಾಗಿ ಅನುಸರಿಸುವ ಸೂತ್ರ. ಮಲಗಿರುವ ಶಿಶುವಿನ ಕಿವಿಗೆ ಪುಟ್ಟ ಮೊನೆ ಇಟ್ಟು ಮಾಡುವ ಒ.ಎ.ಇ. ಪರೀಕ್ಷೆ, ಮಿದುಳಿನ ಪ್ರತಿಕ್ರಿಯೆ ಅಳೆಯುವ ಬೆರಾ ಪರೀಕ್ಷೆ ಎರಡೂ ನೋವಿಲ್ಲದವು. "ನಮ್ಮ ಮನೆತನದಲ್ಲಿ ಮಾತು ತಡ" ಎಂದು ಕಾಯುತ್ತ ಕುಳಿತರೆ ಮರಳಿ ಸಿಗದ ಕಾಲ ಕಳೆದುಹೋಗುತ್ತದೆ.

ಸಾಧನದಿಂದ ಪ್ರಯೋಜನವಾಗದಷ್ಟು ದೋಷವಿದ್ದಾಗ ಕಾಕ್ಲಿಯರ್ ಇಂಪ್ಲಾಂಟ್ ಪರಿಗಣಿಸಲಾಗುತ್ತದೆ. ಇದು ಧ್ವನಿಯನ್ನು ವರ್ಧಿಸುವುದಿಲ್ಲ. ಘಾಸಿಗೊಂಡ ರೋಮಕೋಶಗಳನ್ನು ಬಳಸಿಕೊಳ್ಳದೆ, ಒಳಗೆ ಅಳವಡಿಸಿದ ಎಲೆಕ್ಟ್ರೋಡುಗಳ ಮೂಲಕ ಶ್ರವಣ ನರವನ್ನೇ ಪ್ರಚೋದಿಸುತ್ತದೆ. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ 1978ರಲ್ಲಿ ಮೆಲ್ಬರ್ನ್‌ನಲ್ಲಿ ಅಳವಡಿಸಿದ ಬಹುವಾಹಿನಿ ಮಾದರಿ ಈ ಕ್ಷೇತ್ರದ ಮಹತ್ವದ ತಿರುವು. ಶಸ್ತ್ರಚಿಕಿತ್ಸೆಯ ಬಳಿಕ ದೀರ್ಘಕಾಲದ ಶ್ರವಣ-ವಾಕ್ ತರಬೇತಿ ಅನಿವಾರ್ಯ. ಸಾಧನವಾಗಲಿ ಇಂಪ್ಲಾಂಟ್ ಆಗಲಿ ಒಗ್ಗದವರಿಗೆ, ಬೇಡವೆನ್ನುವವರಿಗೆ ಭಾರತೀಯ ಸಂಜ್ಞಾ ಭಾಷೆ ಪೂರ್ಣ ಪ್ರಮಾಣದ ಭಾಷೆಯಾಗಿ ಇದ್ದೇ ಇದೆ.

ನೆರವು ಎಲ್ಲಿ?

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿರುವ ಈ ಸ್ವಾಯತ್ತ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ಸಾಧನ ಜೋಡಣೆ, ಕಿವಿಯ ಅಚ್ಚು ತಯಾರಿಕೆ, ವಾಕ್ ಚಿಕಿತ್ಸೆ ಎಲ್ಲವೂ ಒಂದೇ ಆವರಣದಲ್ಲಿ ದೊರೆಯುತ್ತವೆ. ಬೆಂಗಳೂರಿನಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 2006-07ರಲ್ಲಿ ಆರಂಭವಾದ ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ, 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮಗಳ ವ್ಯಾಪ್ತಿಯಲ್ಲೂ ಶ್ರವಣದೋಷದ ತಪಾಸಣೆ ಸೇರಿದೆ.

ಕೇಂದ್ರದ 'ಅಡಿಪ್' ಯೋಜನೆಯಡಿ ಆದಾಯ ಮಿತಿಯೊಳಗಿನ, ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಉಳ್ಳವರಿಗೆ ಶ್ರವಣ ಸಾಧನ ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ದೊರೆಯುತ್ತದೆ. ಅರ್ಹ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟ್‌ಗೂ ಇದರಲ್ಲಿ ಅವಕಾಶವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ದೋಷವಿರುವವರನ್ನು ಮಂದ ಶ್ರವಣದವರೆಂದೂ, 70 ಡೆಸಿಬಲ್ ದೋಷವಿರುವವರನ್ನು ಕಿವುಡರೆಂದೂ ಗುರುತಿಸುತ್ತದೆ. ಅಂದರೆ 45 ಡೆಸಿಬಲ್ ದೋಷದಿಂದ ಮಾತು ತಿಳಿಯದೆ ಬಳಲುವ ಹಿರಿಯರು ಕಾಯ್ದೆಯ ಈ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ. ಇಂಥವರ ಪಾಲಿಗೆ ಖರ್ಚು ಬಹುತೇಕ ಕೈಯಿಂದಲೇ. ಕೊಂಡ ಸಾಧನ ಬೀರು ಸೇರಬಾರದು ಎನ್ನಲು ಇದೂ ಒಂದು ಕಾರಣ.

ದಿನನಿತ್ಯದ ಪಾಲನೆ

* ಅನೇಕ ಸಾಧನಗಳಲ್ಲಿ ಬಳಸುವುದು ಜಿಂಕ್-ಏರ್ ಬ್ಯಾಟರಿ. ಹಳದಿ ಪಟ್ಟಿ 10, ಕಂದು 312, ಕಿತ್ತಳೆ 13, ನೀಲಿ 675 ಸಂಖ್ಯೆಯದು. ಪಟ್ಟಿ ಕಿತ್ತ ಬಳಿಕ ಗಾಳಿ ಹೊಗಲು ಒಂದು ನಿಮಿಷ ಬಿಟ್ಟು ಸಾಧನಕ್ಕೆ ಹಾಕಬೇಕು. ಪಟ್ಟಿಯನ್ನು ಮತ್ತೆ ಅಂಟಿಸಿ ಉಳಿಸಿಡಲಾಗದು.

* ಸ್ನಾನಕ್ಕೆ ಮುನ್ನ, ಮಲಗುವ ಮುನ್ನ ಸಾಧನ ತೆಗೆದಿಡಬೇಕು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಹರಳುಗಳಿರುವ ಡಬ್ಬಿಯಲ್ಲಿಡುವುದು ಅಗತ್ಯ.

* ಸಾಧನ ಮೌನವಾದರೆ ಮೊದಲು ಬ್ಯಾಟರಿ, ಅನಂತರ ತುದಿಯಲ್ಲಿ ಗುಗ್ಗೆ ಕಟ್ಟಿದೆಯೇ ಎಂದು ನೋಡಬೇಕು. ಒಣ ಮೆದು ಬಟ್ಟೆಯಿಂದ ಒರೆಸಬೇಕೇ ಹೊರತು ನೀರಿನಿಂದಲ್ಲ.

* ಗುಂಡಿಯಾಕಾರದ ಬ್ಯಾಟರಿ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಮನೆಯವರ ಪಾಲು

ಕೇಳಿಸದವರು ಮೊದಲು ಪ್ರಶ್ನೆ ಕೇಳುವುದನ್ನು ಬಿಡುತ್ತಾರೆ, ನಂತರ ತಲೆಯಾಡಿಸಿ ಸುಮ್ಮನಾಗುತ್ತಾರೆ, ಕ್ರಮೇಣ ಹರಟೆಯ ಜಗಲಿಯನ್ನೇ ತೊರೆಯುತ್ತಾರೆ. ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆಗುಳಿತನಕ್ಕೆ ದಾರಿ ಮಾಡುವ ಆದರೆ ತಡೆಯಬಹುದಾದ 14 ಅಂಶಗಳಲ್ಲಿ ಶ್ರವಣದೋಷವೂ ಒಂದು. 70ರಿಂದ 84 ವಯಸ್ಸಿನ 977 ಮಂದಿಯನ್ನು ಮೂರು ವರ್ಷ ಗಮನಿಸಿ 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಒಟ್ಟಾರೆ ಗುಂಪಿನಲ್ಲಿ ಸಾಧನದಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಅಪಾಯ ಹೆಚ್ಚಿದ್ದವರ ಗುಂಪಿನಲ್ಲಿ ಗ್ರಹಣಶಕ್ತಿಯ ಕುಸಿತ ಶೇ. 48ರಷ್ಟು ನಿಧಾನಗೊಂಡಿತ್ತು.

ಹೀಗಾಗಿ ಸಾಧನ ತಂದುಕೊಟ್ಟರೆ ಮನೆಯವರ ಹೊಣೆ ತೀರುವುದಿಲ್ಲ. ಅಡಿಗೆಮನೆಯಿಂದ ಕೂಗುವ ಬದಲು ಹತ್ತಿರ ಬಂದು, ಮುಖ ಕಾಣುವಂತೆ ಬೆಳಕಿನಲ್ಲಿ ಕುಳಿತು, ಮೊದಲು ಹೆಸರು ಹಿಡಿದು ಕರೆದು, ಸಹಜ ದನಿಯಲ್ಲಿ ನಿಧಾನವಾಗಿ ಮಾತನಾಡಬೇಕು. ಟಿ.ವಿ.ಯ ಸದ್ದು ತಗ್ಗಿಸಬೇಕು. ತಿಳಿಯದಿದ್ದಾಗ ಅದೇ ಮಾತನ್ನು ಜೋರಾಗಿ ಹೇಳುವುದಕ್ಕಿಂತ ಬೇರೆ ಪದಗಳಲ್ಲಿ ಹೇಳುವುದು ಮೇಲು. "ಏನಿಲ್ಲ ಬಿಡಿ" ಎಂಬ ಉತ್ತರವನ್ನಂತೂ ಎಂದಿಗೂ ಕೊಡಬಾರದು. ಆ ಒಂದು ಮಾತು ಬಹುತೇಕ ಯಾವ ಸಾಧನವೂ ಇಲ್ಲದೆಯೇ ಅವರಿಗೆ ಸ್ಪಷ್ಟವಾಗಿ ತಿಳಿಯುತ್ತದೆ.